ಹಳಿಯಲ್ಲೇ ವಿದ್ಯುತ್ತು, ಹಳಿಯಲ್ಲೇ ಆದೇಶ: ಮಾದರಿ ರೈಲು ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಮನೆಯ ಮಹಡಿಯಲ್ಲಿ ಎಚ್‌ಒ ಅಳತೆಯ (ನಿಜದ 1/87 ಗಾತ್ರದ) ರೈಲು ಲೇಔಟ್ ಮಾಡಿದ್ದೇನೆ. ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೇ ಓಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಅಳವಡಿಸಿದರೆ ಬೇರೆಬೇರೆಯಾಗಿ ಓಡಿಸುವುದು ಹೇಗೆ ಸಾಧ್ಯವಾಗುತ್ತದೆ? ಹಳೆಯ ಎಂಜಿನ್‌ಗಳು ವ್ಯರ್ಥವೇ?
– ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ವ್ಯರ್ಥವಲ್ಲ. ನಿಮ್ಮ ಈಗಿನ ವ್ಯವಸ್ಥೆಯಲ್ಲಿ ಹಳಿಗೆ ಕೊಟ್ಟ ವೋಲ್ಟೇಜ್ ನೇರವಾಗಿ ಮೋಟರಿಗೆ ಹೋಗುವುದರಿಂದ ಆ ಹಳಿಯ ಮೇಲಿರುವ ಎಂಜಿನ್‌ಗಳೆಲ್ಲ ಒಂದೇ ಗುಂಡಿಗೆ ಮಣಿಯುತ್ತವೆ. ಡಿಸಿಸಿಯಲ್ಲಿ ಎಂಜಿನ್ ನಿಂತಿರಲಿ, ಓಡುತ್ತಿರಲಿ, ಹಳಿಯಲ್ಲಿ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ. ಅದರ ಧ್ರುವತೆ (ಧನ, ಋಣ) ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲಾಗುತ್ತಿರುತ್ತದೆ. ಆ ಅದಲುಬದಲಿನ ಅವಧಿಯಲ್ಲೇ ಸಂದೇಶವಿದೆ. ಪ್ರತಿ ಅರ್ಧಭಾಗ 58 ಮೈಕ್ರೊಸೆಕೆಂಡ್ ಇದ್ದರೆ ‘ಒಂದು’, 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಸೊನ್ನೆ’. ಹೀಗೆ ಪೋಣಿಸಿದ ಪ್ಯಾಕೆಟ್ಟಿನಲ್ಲಿ ಎಂಜಿನ್ನಿನ ವಿಳಾಸ, ವೇಗ ಹಾಗೂ ದಿಕ್ಕಿನ ಆದೇಶ, ಕೊನೆಯಲ್ಲಿ ತಪ್ಪು ಪತ್ತೆಹಚ್ಚುವ ಒಂದು ಬೈಟ್ ಇರುತ್ತವೆ. ಆದೇಶ ಎಲ್ಲ ಎಂಜಿನ್‌ಗಳಿಗೂ ಕೇಳಿಸಿದರೂ ವಿಳಾಸ ತನ್ನದಾದ ಡಿಕೋಡರ್ (ಎಂಜಿನ್ನಿನೊಳಗೆ ಕೂರಿಸುವ, ಆದೇಶ ಓದಿ ಮೋಟರನ್ನು ನಡೆಸುವ ಪುಟ್ಟ ಸರ್ಕ್ಯೂಟ್) ಮಾತ್ರ ಅದನ್ನು ಪಾಲಿಸುತ್ತದೆ. ಜರ್ಮನಿಯ ಲೆಂಝ್ ಕಂಪನಿಯ ಪದ್ಧತಿಯನ್ನು ಆಧರಿಸಿ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದನ್ನು ಮಾನಕವಾಗಿಸಿದ ಕಾರಣ, ಒಬ್ಬ ತಯಾರಕರ ಕಮಾಂಡ್ ಸ್ಟೇಷನ್ (ಹಳಿಗೆ ಆದೇಶ ಕಳಿಸುವ ಪೆಟ್ಟಿಗೆ) ಇನ್ನೊಬ್ಬರ ಡಿಕೋಡರಿನೊಂದಿಗೆ ಹೊಂದಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ವೇಗ ನಿಯಂತ್ರಿಸುವ ಥ್ರಾಟಲ್ಲಿಗೆ ಈ ಭರವಸೆ ಇಲ್ಲ. ಅದನ್ನು ವಿಚಾರಿಸಿಯೇ ಕೊಳ್ಳಬೇಕು.

ಹಳೆಯ ಎಂಜಿನ್ನಿನಲ್ಲಿ ಎಂಟು ಪಿನ್ನಿನ ಸಾಕೆಟ್ ಇದ್ದರೆ ಡಿಕೋಡರ್ ಕೂರಿಸುವ ಕೆಲಸ ನಿಮಿಷಗಳದ್ದು. ಇಲ್ಲದಿದ್ದರೆ ಬೆಸುಗೆ ಹಾಕಬೇಕು: ಕೆಂಪು, ಕಪ್ಪು ತಂತಿಗಳು ಹಳಿಯ ಕಡೆಗೆ, ಕಿತ್ತಳೆ, ಬೂದು ತಂತಿಗಳು ಮೋಟರಿಗೆ. ಅದಕ್ಕೂ ಮೊದಲು, ಮೋಟರಿನೊಳಕ್ಕೆ ವಿದ್ಯುತ್ ಒಯ್ಯುವ ಎರಡು ಬ್ರಷ್‌ಗಳಲ್ಲಿ ಯಾವುದೂ ಎಂಜಿನ್ನಿನ ಲೋಹದ ಚೌಕಟ್ಟಿಗಾಗಲಿ ಚಕ್ರಗಳಿಗಾಗಲಿ ತಗುಲಿಲ್ಲವೆಂಬುದನ್ನು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಹಳೆಯ ಎಂಜಿನ್‌ಗಳಲ್ಲಿ ಒಂದು ಬ್ರಷ್ ಚೌಕಟ್ಟಿಗೇ ಕೂಡಿರುವುದು ಸಾಮಾನ್ಯ. ಅದನ್ನು ಬೇರ್ಪಡಿಸದೆ ವಿದ್ಯುತ್ ಕೊಟ್ಟರೆ ಡಿಕೋಡರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಪ್ರಶ್ನೆ: ಚಿಕ್ಕಜಾಜೂರು ಜಂಕ್ಷನ್ನಿನ ಮಾದರಿ ಮಾಡುತ್ತಿದ್ದೇನೆ. ಚಿತ್ರದುರ್ಗದ ಕಡೆ ಹೋದ ರೈಲು ಮರೆಯಲ್ಲಿ ಸುತ್ತು ಹಾಕಿ ಅದೇ ಹಳಿಗೆ ಮರಳಲೆಂದು ಕುಣಿಕೆಯಾಕಾರದ ಹಳಿ ಹಾಕಿದ್ದೇನೆ. ಡಿಸಿಸಿಗೆ ಧ್ರುವತೆಯ ಗೊಡವೆ ಇಲ್ಲ ಎಂದು ಕೇಳಿದ್ದೆ; ಆದರೂ ಶಾರ್ಟ್ ಆಗುತ್ತಿದೆ.
– ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ಧ್ರುವತೆಯ ಗೊಡವೆ ಇಲ್ಲದಿರುವುದು ಎಂಜಿನ್ನಿಗೆ, ಹಳಿಗೆ ಅಲ್ಲ. ಕುಣಿಕೆ ಸುತ್ತಿ ಬಂದ ಎಡಹಳಿ ಪಾಯಿಂಟಿನಲ್ಲಿ (ಹಳಿ ಕವಲೊಡೆಯುವಲ್ಲಿ) ಬಲಹಳಿಯನ್ನು ಕೂಡುತ್ತದೆ. ಯಾವ ವಿದ್ಯುತ್ತೇ ಹರಿಯುತ್ತಿದ್ದರೂ ಅದು ಶಾರ್ಟೇ. ಕುಣಿಕೆಯ ಎರಡೂ ತುದಿಗಳಲ್ಲಿ ಎರಡೂ ಹಳಿಗಳನ್ನು ಕತ್ತರಿಸಿ ಪ್ರತ್ಯೇಕಿಸಿ, ಆ ಭಾಗಕ್ಕೆ ಆಟೊ ರಿವರ್ಸರ್ ಮೂಲಕ ಮಾತ್ರ ವಿದ್ಯುತ್ ಕೊಡಬೇಕು. ಚಕ್ರ ಕತ್ತರಿಸಿದ ಜಾಗವನ್ನು ದಾಟುವ ಹೊತ್ತಿಗೆ ರಿವರ್ಸರ್ ಧ್ರುವತೆ ತಾಳೆಯಾಗಿಲ್ಲವೆಂದು ಗ್ರಹಿಸಿ ಕುಣಿಕೆಯ ಧ್ರುವತೆಯನ್ನು ತಿರುಗಿಸುತ್ತದೆ. ದಿಕ್ಕನ್ನು ಡಿಕೋಡರೇ ನಿರ್ಧರಿಸುವುದರಿಂದ ಎಂಜಿನ್ ಅಳುಕದೆ ಮುಂದೆ ಸಾಗುತ್ತದೆ. ಪ್ರತ್ಯೇಕಿಸಿದ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದವಿರಲಿ. ಲೋಹದ ಚಕ್ರಗಳ ಬೋಗಿಗಳು ಎರಡೂ ತುದಿಗಳನ್ನು ಏಕಕಾಲಕ್ಕೆ ದಾಟಿದರೆ ರಿವರ್ಸರ್ ಯಾವುದಕ್ಕೆ ಹೊಂದಿಕೊಳ್ಳಬೇಕೆಂದು ತಿಳಿಯದೆ ಕೈಚೆಲ್ಲುತ್ತದೆ.

ಪ್ರಶ್ನೆ: ಒಂದು ಎಂಜಿನ್ನಿಗೆ ಹೊಸ ವಿಳಾಸ ಕೊಡಲು ಹೋದೆ, ಹಳಿಯ ಮೇಲಿದ್ದ ಮೂರಕ್ಕೂ ಅದೇ ವಿಳಾಸ ಬಂದಿದೆ.
– ವಿದ್ಯಾನಗರ, ದಾವಣಗೆರೆ

ಉತ್ತರ: ಸರ್ವಿಸ್ ಮೋಡ್ ಎಂಬ ವಿಧಾನದಲ್ಲಿ ಹೋಗುವ ಆದೇಶಕ್ಕೆ ವಿಳಾಸವೇ ಇರುವುದಿಲ್ಲ, ಆದ್ದರಿಂದ ಹಳಿಯ ಮೇಲಿದ್ದವರೆಲ್ಲ ಅದನ್ನು ತಮಗೇ ಎಂದುಕೊಳ್ಳುತ್ತಾರೆ. ಪ್ರೋಗ್ರಾಮಿಂಗ್‌ಗೆಂದೇ ಪ್ರತ್ಯೇಕ ತುಂಡು ಹಳಿ ಇಟ್ಟುಕೊಂಡು, ಒಂದೊಂದೇ ಎಂಜಿನ್ ಇರಿಸಿ ವಿಳಾಸ ಬರೆಯಿರಿ. ಹೊಸ ಡಿಕೋಡರಿನ ವಿಳಾಸ ಸಾಮಾನ್ಯವಾಗಿ 3 ಆಗಿರುತ್ತದೆ. ನಮ್ಮ ರೈಲ್ವೆಯ ಎಂಜಿನ್‌ಗಳ ಐದಂಕಿಯ ಸಂಖ್ಯೆಯನ್ನೇ ವಿಳಾಸವಾಗಿ ಕೊಡುವ ಆಸೆ ಹಲವರಿಗಿದೆ. ಆದರೆ ಮಾನಕದಲ್ಲಿ ದೀರ್ಘ ವಿಳಾಸದ ಮಿತಿ 10239, ಎಷ್ಟೋ ಕಮಾಂಡ್ ಸ್ಟೇಷನ್‌ಗಳಲ್ಲಿ 9999. ಕೊನೆಯ ನಾಲ್ಕಂಕಿಯಲ್ಲಿ ತೃಪ್ತಿಪಡಬೇಕು.

ಪ್ರಶ್ನೆ: ದುಬಾರಿ ಕಮಾಂಡ್ ಸ್ಟೇಷನ್ ಬದಲು ಆರ್ಡುಯಿನೊದಲ್ಲಿ (ಪ್ರೋಗ್ರಾಂ ಮಾಡಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡ್) ಮಾಡಿಕೊಂಡರೆ ಸಾಲದೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಖಂಡಿತ ಸಾಕು. ಆರ್ಡುಯಿನೊ ಮೆಗಾ, ಅದರ ಮೇಲೆ ಕೂರುವ, ಹಳಿಗೆ ವಿದ್ಯುತ್ ಕೊಡುವ ಒಂದು ಮೋಟರ್ ಶೀಲ್ಡ್ ಮತ್ತು ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶ ಇದ್ದರೆ ಮನೆಯ ಲೇಔಟಿಗೆ ಸಾಲುತ್ತದೆ. ಜೆಎಂಆರ್‌ಐ ತಂತ್ರಾಂಶದ ಮೂಲಕ ಕಂಪ್ಯೂಟರಿನಿಂದಲೂ ನಡೆಸಬಹುದು. ಉಳಿಸಿದ ಹಣದಲ್ಲಿ ಸ್ವಲ್ಪವನ್ನು ತಂತಿಗೆ ಖರ್ಚು ಮಾಡಿ ಎಂಬುದಷ್ಟೇ ನನ್ನ ಒತ್ತಾಯ, ಏಕೆಂದರೆ ಕಮಾಂಡ್ ಸ್ಟೇಷನ್ ಕೈಕೊಟ್ಟಿತೆಂದು ಬರುವ ದೂರುಗಳಲ್ಲಿ ಹೆಚ್ಚಿನವು ನಿಜವಾಗಿ ತಂತಿಯ ದೂರುಗಳೇ. ಹಳಿಯ ನಿಕಲ್ ಸಿಲ್ವರ್ ಲೋಹ ತಾಮ್ರದಷ್ಟು ಸುಲಭವಾಗಿ ವಿದ್ಯುತ್ ಹರಿಸುವುದಿಲ್ಲ. ಮನೆಯ ವೈರಿಂಗ್‌ಗೆ ಬಳಸುವ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಹಲಗೆಯ ಅಡಿಯಲ್ಲಿ ಎಳೆದು, ಮೀಟರಿಗೊಂದರಂತೆ ಹಳಿಗೆ ಸಂಪರ್ಕ ಕೊಡಿ. ಅನಂತರ ಲೇಔಟಿನ ಅತಿ ದೂರದ ಮೂಲೆಯಲ್ಲಿ ಎರಡು ಹಳಿಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಡಿ. ವಿದ್ಯುತ್ ತಕ್ಷಣ ಕಡಿತವಾಗಬೇಕು. ಆಗದಿದ್ದರೆ, ತಂತಿಯ ರೋಧದಿಂದಾಗಿ ಶಾರ್ಟ್ ಆದಾಗಲೂ ಕಡಿತದ ಮಿತಿಯನ್ನು ಮುಟ್ಟುವಷ್ಟು ವಿದ್ಯುತ್ ಹರಿಯುತ್ತಿಲ್ಲವೆಂದು ಅರ್ಥ; ಮುಂದೆ ಎಂಜಿನ್ ಹಳಿ ತಪ್ಪಿದಾಗ ಅದೇ ವಿದ್ಯುತ್ತು ಚಕ್ರಗಳ ಮೂಲಕ ಹರಿದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅಂಥ ಮೂಲೆಗೆ ಇನ್ನೆರಡು ಸಂಪರ್ಕ ಕೊಟ್ಟು, ನಾಣ್ಯವನ್ನು ಮತ್ತೆ ಇಟ್ಟು ನೋಡಿ.