ಆರನೇ ವಚನದಲ್ಲೇ ನಿಂತ ಬೆರಳು

ನನ್ನ ಬಳಿ ಸಲಹೆಗೆ ಬಂದ ಮೊದಲ ದಿನ ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೈಚೀಲದಿಂದ ಸತ್ಯವೇದ, ಅಂದರೆ ಬೈಬಲ್, ತೆಗೆದು ಮೇಜಿನ ಮೇಲಿಟ್ಟರು. ಪುಟ ಹುಡುಕಬೇಕಾಗಲಿಲ್ಲ. ಪುಸ್ತಕ ತಾನಾಗಿಯೇ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯಕ್ಕೆ ತೆರೆದುಕೊಂಡಿತು. 4ರಿಂದ 6ನೇ ವಚನದವರೆಗೆ ಅಂಚಿನ ಕಾಗದ ಬೆರಳು ಒತ್ತಿ ಒತ್ತಿ ಕಂದುಬಣ್ಣಕ್ಕೆ ತಿರುಗಿತ್ತು. ಹರಿದ ಕಡೆ ಟೇಪ್ ಅಂಟಿಸಿದ್ದರು. ಒಮ್ಮೆ ಬೆಳಕು ಕಂಡು, ಪವಿತ್ರಾತ್ಮನಲ್ಲಿ ಪಾಲು ಪಡೆದವರು ಬಿದ್ದುಹೋದರೆ ಅವರನ್ನು ಮತ್ತೆ ಮಾನಸಾಂತರಕ್ಕೆ, ಅಂದರೆ ಪಾಪ ಬಿಟ್ಟು ದೇವರ ಕಡೆ ತಿರುಗುವುದಕ್ಕೆ, ತರುವುದು ಆಗದ ಮಾತು ಅಂತ ಹೇಳುವ ಭಾಗ ಅದು.

"ಅಕ್ಕಾರ, ಒಂದ ಮಾತು ಹೇಳ್ರಿ ಸಾಕು. ನನ್ನ ರಕ್ಷಣೆ ಇನ್ನೂ ಐತೋ, ಹೋಗೈತೋ?"

ರಕ್ಷಣೆ ಅಂದರೆ ಯೇಸುವನ್ನು ನಂಬಿ ಪಾಪದಿಂದ, ನರಕದಿಂದ ಬಿಡುಗಡೆ ಪಡೆಯುವುದು. ಹೆಸರು, ಊರು, ಉದ್ಯೋಗ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರೇ ಒಪ್ಪಿದರು. "ನನ್ನಂಥೋರು ಇನ್ನೂ ಇರ್ತಾರ, ಬರೀರಿ" ಅಂದರು. ಇಲ್ಲಿ ಅವರನ್ನು ಮಾಸ್ತರು ಅಂತಲೇ ಕರೆಯುತ್ತೇನೆ. ಉತ್ತರ ಕರ್ನಾಟಕದವರು, ನಲವತ್ತರ ಆಸುಪಾಸು. ತಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, 15 ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಾರೆ. ಕಳೆದುಹೋದ ಕುರಿಯ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಶುರುವಾದದ್ದು ಹೀಗೆ. ಅವರ ತಂದೆಗೆ ಪಾರ್ಶ್ವವಾಯು ಬಡಿದು 11 ದಿನ ಐಸಿಯುನಲ್ಲಿದ್ದರು. ಸಭೆಯವರು ಸರಪಳಿ ಪ್ರಾರ್ಥನೆ ಇಟ್ಟರು. ಮಾಸ್ತರು ಉಪವಾಸ ಮಾಡಿದರು. ಯಾರೋ ಒಬ್ಬರು "ಕರ್ತನು ಎಬ್ಬಿಸ್ತಾನೆ ಅಂತ ನನಗೆ ತೋರಿಸಿದ್ದಾನೆ" ಅಂದೂಬಿಟ್ಟರು. 12ನೇ ದಿನ ಬೆಳಗ್ಗೆ ತಂದೆ ತೀರಿಕೊಂಡರು. ಬಿಲ್ ಕಟ್ಟಲು ಮೆಟ್ಟಿಲು ಇಳಿಯುತ್ತಿದ್ದಾಗ ಪವಿತ್ರಾತ್ಮನ ಬಗ್ಗೆ ಒಂದು ಹೊಲಸು ಬೈಗುಳ ಮಾಸ್ತರ ತಲೆಯೊಳಗೆ ಬಂತು. ಬಾಯಿಂದ ಹೊರಗೆ ಬರಲಿಲ್ಲ. ಬಂದದ್ದೇ ತಡ, ಕೈಕಾಲು ತಣ್ಣಗಾದವು. ಪವಿತ್ರಾತ್ಮ ದೂಷಣೆಗೆ ಕ್ಷಮೆ ಇಲ್ಲ ಅಂತ ಅವರೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರಲ್ಲ.

ಆಮೇಲೆ ಆ ಮಾತು ಬಿಡಲಿಲ್ಲ. ಪ್ರಭು ಭೋಜನದ ರೊಟ್ಟಿ ಕೈಗೆ ಬಂದಾಗ, ಸ್ಕೂಟರ್ ಓಡಿಸುವಾಗ, ಸ್ನಾನದ ಮನೆಯಲ್ಲಿ. ಬಂದ ಕೂಡಲೇ ರಕ್ಷಣೆಯ ಪ್ರಾರ್ಥನೆಯನ್ನು ಮೊದಲಿನಿಂದ ಹೇಳಬೇಕು. ಮಧ್ಯೆ ಮನಸ್ಸು ಅತ್ತಿತ್ತ ಹೋದರೆ ಮತ್ತೆ ಮೊದಲಿಂದ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಸಲಕ್ಕೂ ಒಂದು ಗೀಟು. ನನ್ನ ಬಳಿ ಬರುವ ಹೊತ್ತಿಗೆ ಗೀಟುಗಳು 900 ದಾಟಿದ್ದವು. ಈ ಪ್ರಾರ್ಥನೆಗೆ ಅಂತ ಊರ ಹೊರಗಿನ ಹಳ್ಳದ ಸೇತುವೆ ಹತ್ತಿರ ದಿನಾ ಸ್ಕೂಟರ್ ನಿಲ್ಲಿಸುತ್ತಿದ್ದರಂತೆ. ಜನ ಪೆಟ್ರೋಲ್ ಖಾಲಿಯಾಗಿದೆ ಅಂದುಕೊಂಡು "ತಳ್ಳಬೇಕೇನ್ರೀ?" ಅಂತ ಕೇಳುತ್ತಿದ್ದರು.

ಈ ನಡುವೆ ಒಂದು ಉಜ್ಜೀವನ ಕೂಟಕ್ಕೆ ಹೋಗಿದ್ದರು. ಬೋಧಕರು "ರಕ್ಷಣೆ ಬಗ್ಗೆ ಅನುಮಾನ ಇದ್ದವನಿಗೆ ರಕ್ಷಣೆ ಆಗೇ ಇಲ್ಲ" ಅಂದರಂತೆ. ಆ ರಾತ್ರಿ ಮಾಸ್ತರು ಮಲಗಲಿಲ್ಲ. ವೇದಿಕೆ ಮೇಲೆ ನಿಂತು ಇಂಥ ಮಾತು ಹೇಳುವವರಿಗೆ ಕೆಳಗೆ ಕೂತವರಲ್ಲಿ ಯಾರ ಮನಸ್ಸು ಹೇಗಿದೆ ಗೊತ್ತಿರುವುದಿಲ್ಲ. ನನಗಂತೂ ಈ ವಿಷಯದಲ್ಲಿ ಸಿಟ್ಟಿದೆ, ಇರಲಿ.

ಮೊದಲ ಭೇಟಿಯಲ್ಲಿ ನಾನೂ ಒಂದು ತಪ್ಪು ಮಾಡಿದೆ. ಉತ್ತರ ಕೊಟ್ಟೆ. ಬೆರಳಿನ ಕಲೆ 6ನೇ ವಚನಕ್ಕೇ ನಿಂತಿದ್ದನ್ನು ತೋರಿಸಿ, 9ನೇ ವಚನ ಓದಿಸಿದೆ. ಅಷ್ಟು ಗಡಸಾಗಿ ಎಚ್ಚರಿಸಿದ ಮೇಲೆ ಬರೆದವನು "ಪ್ರಿಯರೇ" ಅಂತ ಕರೆದು, ನಿಮ್ಮ ವಿಷಯದಲ್ಲಿ ನಮಗೆ ಇದಕ್ಕಿಂತ ಒಳ್ಳೆಯ ಭರವಸೆ ಇದೆ ಅನ್ನುತ್ತಾನೆ. ಮತ್ತಾಯ 12ನೇ ಅಧ್ಯಾಯವನ್ನೂ ತೆಗೆದೆ. ಅಲ್ಲಿ ದೂಷಣೆಯ ಮಾತು ಬರುವುದು ಸಂಕಟದಲ್ಲಿದ್ದ ಮಗನೊಬ್ಬನ ತಲೆಯೊಳಗೆ ಹಾದುಹೋದದ್ದರ ಬಗ್ಗೆ ಅಲ್ಲ. ದೆವ್ವ ಹಿಡಿದವನು ಗುಣವಾದದ್ದನ್ನು ಕಣ್ಣಾರೆ ನೋಡಿಯೂ ಇದು ದೆವ್ವಗಳ ಒಡೆಯ ಬೆಲ್ಜೆಬೂಲನ ಕೆಲಸ ಅಂದವರ ಬಗ್ಗೆ. ಕೊನೆಗೆ, ಹೋಯಿತಲ್ಲಾ ಅಂತ ಇಷ್ಟು ಚಡಪಡಿಸುವವರ ನಂಬಿಕೆ ಹೋಗಿರುವುದಿಲ್ಲ ಅಂತಲೂ ಹೇಳಿದೆ.

"ಅಯ್ಯನೋರೂ ಇದನ್ನ ಹೇಳಿದ್ರು," ಅಂದರು ಮಾಸ್ತರು, ತಮ್ಮ ಸಭೆಯ ಪಾದ್ರಿಯ ಬಗ್ಗೆ. "ಅವತ್ತು ಗೇಟ್ ದಾಟೋತನ ಸಮಾಧಾನ ಇತ್ತು."

ನನ್ನ ಮಾತೂ ಗೇಟಿನ ತನಕವೇ ಬಾಳಿತು. ಮುಂದಿನ ವಾರ ಅವರು ಅದೇ ಪತ್ರಿಕೆಯ 10ನೇ ಅಧ್ಯಾಯ, 26ನೇ ವಚನ ತೆಗೆದುಕೊಂಡು ಬಂದರು. ಬೇಕಂತಲೇ ಪಾಪ ಮಾಡುತ್ತಾ ಹೋದರೆ ಆ ಪಾಪ ಕಳೆಯಲು ಇನ್ನು ಯಜ್ಞವಿಲ್ಲ ಅನ್ನುವ ವಚನ.

ಆಗ ನನಗೆ ಹೊಳೆದದ್ದು ಇದು: ಇಲ್ಲಿ ಎರಡು ವಿಷಯ ಹೆಣೆದುಕೊಂಡಿವೆ. ಒಂದು, ಗೀಳು ಕಾಯಿಲೆ, ಅಂದರೆ ಓಸಿಡಿ. ಕೈ ತೊಳೆದದ್ದೇ ತೊಳೆಯುವ ಕಾಯಿಲೆ ಅಂತ ಎಲ್ಲರಿಗೂ ಗೊತ್ತು. ಅದೇ ಕಾಯಿಲೆ ದೇವಭಕ್ತರಲ್ಲಿ ಕೆಲವೊಮ್ಮೆ ಹೀಗೆ ಕಾಣಿಸಿಕೊಳ್ಳುತ್ತದೆ. ಬೇಡದ ಯೋಚನೆ ಬರುತ್ತದೆ, ಅದನ್ನು ತೊಳೆಯಲು ಪ್ರಾರ್ಥನೆ, ಆಮೇಲೆ ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಳ್ಳುವುದು. ಉತ್ತರ ಸಿಕ್ಕಾಗ ಕಜ್ಜಿ ಕೆರೆದಷ್ಟು ಹಿತ. ಆಮೇಲೆ ಉರಿ ಜಾಸ್ತಿ. ಎಷ್ಟೇ ಸರಿಯಾದ ವಚನವಾದರೂ ಅದು ಆ ಕೆರೆತಕ್ಕೆ ಇನ್ನೊಂದು ಉಗುರು ಅಷ್ಟೇ.

ಎರಡನೆಯದನ್ನು ಆಮೇಲೆ ಹೇಳುತ್ತೇನೆ.

ಹಾಗಂತ ಅವರ ಪ್ರಶ್ನೆಯೇ ಕಾಯಿಲೆ ಅಂದರೆ ಅದು ಅವಮಾನ. ಪ್ರಶ್ನೆ ನಿಜವಾದದ್ದು, ಹಳೆಯದು, ಕ್ರೈಸ್ತರಲ್ಲಿ ಒಂದೇ ಉತ್ತರ ಇಲ್ಲದ್ದು. ಅದನ್ನು ಒಂದು ಸಲ, ಒಂದೇ ಸಲ, ಪೂರ್ತಿ ಕೂತು ಮಾತಾಡೋಣ ಅಂದೆ. ಮೂರನೇ ಭೇಟಿಗೆ ಅವರ ಸಭೆಯ ಅಯ್ಯನವರನ್ನೂ ಕರೆಸಿದೆ.

16ನೇ ಶತಮಾನದ ಸುಧಾರಕ ಕ್ಯಾಲ್ವಿನ್ ಅವರ ಪರಂಪರೆಯವರು ದೇವರು ಹಿಡಿದವನನ್ನು ದೇವರು ಬಿಡುವುದಿಲ್ಲ ಅನ್ನುತ್ತಾರೆ. ನನ್ನ ಕುರಿಗಳನ್ನು ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಾರರು ಅನ್ನುವ ಯೋವಾನ 10ನೇ ಅಧ್ಯಾಯ ಅವರ ಆಧಾರ. 1618-19ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾರ್ಟ್‌ನಲ್ಲಿ ಸೇರಿದ ಸಭೆ ಇದನ್ನು ಖಡಾಖಂಡಿತ ಬರೆದಿಟ್ಟಿತು. ಅದೇ ಬರಹದಲ್ಲಿ, ನಿಜ ವಿಶ್ವಾಸಿಗೂ ಕೃಪೆಯ ಅನುಭವ ಕೆಲಕಾಲ ಇಲ್ಲದೆ ಹೋಗಬಹುದು ಅಂತಲೂ ಇದೆ. ಇದನ್ನು ಕೇಳಿ ಮಾಸ್ತರು ತಲೆ ಎತ್ತಿದರು. ಮೆಥೊಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯವರ ಕಡೆಯವರು ಬೀಳುವುದು ಸಾಧ್ಯ ಅನ್ನುತ್ತಾರೆ, ಬಿದ್ದವನು ಎದ್ದು ಬರುವುದೂ ಸಾಧ್ಯ ಅನ್ನುತ್ತಾರೆ. ನಂಬಿಕೆ ಕಳೆದುಹೋಗಬಹುದು ಅಂತ ಮಾರ್ಟಿನ್ ಲೂಥರ್ ಪರಂಪರೆಯ ಲೂಥರನ್ನರೂ ಒಪ್ಪುತ್ತಾರೆ. ಕ್ಯಾಥೋಲಿಕರಲ್ಲಿ ಕೃಪೆ ಕಳೆಯುವಂಥ ಮಾರಕ ಪಾಪಕ್ಕೆ ಮೂರು ಸೇರಬೇಕು: ವಿಷಯ ಗಂಭೀರವಾಗಿರಬೇಕು, ಪೂರ್ತಿ ತಿಳಿದಿರಬೇಕು, ಮನಸ್ಸು ಬೇಕಂತಲೇ ಒಪ್ಪಿರಬೇಕು.

ನಮ್ಮಲ್ಲಿ ಈ ಜಗಳ ಒಂದೇ ಬೆಂಚಿನ ಮೇಲೆ ಕೂತಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ (ಕ್ಯಾಲ್ವಿನ್ ಪರಂಪರೆ) ಎರಡೂ ಬೆರೆತಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಷನ್, ಮೈಸೂರು ತುಮಕೂರು ಕಡೆ ವೆಸ್ಲಿಯನ್ನರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿತು. ಹೀಗೆ ಬೇರೆ ಬೇರೆ ಪಾಠ ಕಲಿತವರು ಅದರೊಳಗೆ ಒಂದಾದರು. ಅವರೆಲ್ಲ ಸೇರಿ ಹೇಳುವ ನೈಸೀಯ ವಿಶ್ವಾಸಪ್ರಮಾಣದಲ್ಲಿ ಈ ಪ್ರಶ್ನೆಯ ಸುದ್ದಿಯೇ ಇಲ್ಲ. ನಮ್ಮ ಮನೆಯಲ್ಲೂ ಅಷ್ಟೇ. ನನ್ನ ತವರು ವೆಸ್ಲಿಯನ್, ಯಜಮಾನರ ಕಡೆಯವರು ಬಾಸೆಲ್. ಮದುವೆಯಾಗಿ 28 ವರ್ಷ, ಇನ್ನೂ ತೀರ್ಮಾನವಾಗಿಲ್ಲ.

"ಇದರಾಗ ಯಾವುದು ಖರೇ?" ಮಾಸ್ತರು ಕೇಳಿದರು.

ಅಯ್ಯನವರು ನಿಧಾನವಾಗಿ ಹೇಳಿದರು: "ಯಾವುದನ್ನಾರ ಹಿಡೀರಿ ಮಾಸ್ತರ. ಬ್ಯಾಡ ಬ್ಯಾಡ ಅಂದ್ರೂ ತಲೀಗೆ ಬಂದ ಮಾತಿನಿಂದ ರಕ್ಷಣೆ ಹೋಗ್ತದ ಅಂತ ಇವರೊಳಗ ಒಬ್ಬರೂ ಹೇಳಿಲ್ಲ."

ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಅದನ್ನು ಬರೆದುಕೊಳ್ಳಲು ಮಾಸ್ತರು ಪೆನ್ನು ತೆಗೆದರು. ಬೇಡ ಅಂದೆ. ಬರೆದುಕೊಂಡರೆ ಅದೂ ದಿನಕ್ಕೆ ನಲವತ್ತು ಸಲ ಓದುವ ಚೀಟಿಯಾಗುತ್ತಿತ್ತು.

ಅಲ್ಲಿಂದ ಮುಂದೆ ನಾನು ಕೊಟ್ಟ ಸಲಹೆಗಳು ಧರ್ಮದವಲ್ಲ, ದಿನಚರಿಯವು. ಮೊದಲು ಮನೋವೈದ್ಯರ ಬಳಿ ಕಳಿಸಿದೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಇಲ್ಲವೇ ಹತ್ತಿರದ ಜಿಲ್ಲಾಸ್ಪತ್ರೆ, ಎಲ್ಲಿಗಾದರೂ ಸರಿ. ಗೀಳು ಕಾಯಿಲೆಯಲ್ಲಿ ಮಾತ್ರೆಯ ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕಾಗಬಹುದು. ಎರಡನೇ ವಾರಕ್ಕೇ "ಏನೂ ಆಗಲಿಲ್ಲ" ಅಂತ ಬಿಡಬೇಡಿ ಅಂತ ಮೊದಲೇ ಹೇಳಿದೆ. ಮಾತ್ರೆ ನುಂಗಿದರೆ ನಂಬಿಕೆ ಕಡಿಮೆ ಅಂತ ಆಗುತ್ತಾ ಅಂತ ಕೇಳಿದರು. ನಿಮ್ಮ ತಂದೆಗೆ ಬಿಪಿ ಮಾತ್ರೆ ಕೊಡುವಾಗ ಹಾಗನ್ನಿಸಿತ್ತಾ ಅಂತ ಕೇಳಿದೆ. ಸುಮ್ಮನಾದರು.

ರಕ್ಷಣೆಯ ಪ್ರಾರ್ಥನೆ ಇನ್ನು ಹೇಳುವ ಹಾಗಿಲ್ಲ. ಬೆಳಗ್ಗೆ ಒಂದು, ರಾತ್ರಿ ಒಂದು ಸಾಧಾರಣ ಪ್ರಾರ್ಥನೆ. ಮಧ್ಯೆ ಮನಸ್ಸು ಓಡಿದರೂ ಹಿಂದಕ್ಕೆ ಹೋಗದೆ ಆಮೆನ್ ಅನ್ನುವುದು. ಆ ಕೆಟ್ಟ ಮಾತು ಬಂದರೆ ಓಡಿಸುವ ಹಾಗಿಲ್ಲ, ತೊಳೆಯುವ ಹಾಗಿಲ್ಲ. ಬಂತು, ಇರಲಿ, ಅಂತ ಮುಂದಿನ ಕೆಲಸಕ್ಕೆ ಹೋಗುವುದು. ಸೇತುವೆ ಹತ್ತಿರ ಸ್ಕೂಟರ್ ನಿಲ್ಲಿಸಬಾರದು. ಹೇಳಲು ಸುಲಭ. ಮೊದಲ ವಾರ ಸೇತುವೆ ದಾಟಿ ಅರ್ಧ ಕಿಲೋಮೀಟರ್ ಹೋಗಿ ವಾಪಸ್ ಬಂದು ನಿಂತು ಪ್ರಾರ್ಥಿಸಿದರಂತೆ. ಬೆವರಿ ಒದ್ದೆಯಾಗಿದ್ದರಂತೆ. ಆ ಭಯ ಏರಿ, ತಾನಾಗಿಯೇ ಇಳಿಯುವ ತನಕ ತಡೆಯುವುದೇ ಈ ಚಿಕಿತ್ಸೆ.

ಮನೆಯವರಿಗೂ ಪಾಠವಿತ್ತು. ರಾತ್ರಿ ಮೂವತ್ತು ಸಲವಾದರೂ "ಹೋಗಿಲ್ಲ, ಮಲಗ್ರಿ" ಅನ್ನುತ್ತಿದ್ದರು ಅವರ ಹೆಂಡತಿ. ಪ್ರೀತಿಯಿಂದಲೇ, ಸುಸ್ತಾಗಿ. ಇನ್ನು ಉತ್ತರ ಕೊಡಬೇಡಿ ಅಂದಾಗ ಆಕೆ ಅತ್ತರು. ಇಷ್ಟು ಕಲ್ಲು ಮನಸ್ಸು ಮಾಡಿಕೊಳ್ಳಲೇ ಅಂದರು. ಕೊನೆಗೆ ಆಕೆಯೇ ಒಂದು ಮಾತು ಹುಡುಕಿಕೊಂಡರು: "ಇದು ಮತ್ತ ಅದ ಪ್ರಶ್ನಿ ಅಲ್ರೀ? ಚಾ ಮಾಡ್ಲೇನು?" ಆ ತಿಂಗಳು ಅವರ ಮನೆಯಲ್ಲಿ ಚಹಾಪುಡಿ ಬಹಳ ಖರ್ಚಾಯಿತು.

ಸಂಡೇ ಸ್ಕೂಲ್ ಬಿಟ್ಟುಬಿಡುತ್ತೇನೆ, ನನಗೆ ಯೋಗ್ಯತೆ ಇಲ್ಲ ಅಂದಿದ್ದರು. ಮೂರು ತಿಂಗಳು ಯಾವ ದೊಡ್ಡ ತೀರ್ಮಾನವೂ ಬೇಡ ಅಂದೆ. ಜೊತೆಗೆ ಇನ್ನೊಬ್ಬ ಟೀಚರನ್ನು ಅಯ್ಯನವರು ಕೊಟ್ಟರು.

ಬದುಕೇ ಬೇಡ ಅನ್ನಿಸುತ್ತಿದೆಯಾ ಅಂತ ಪ್ರತಿ ಭೇಟಿಯಲ್ಲೂ ನೇರವಾಗಿ ಕೇಳುತ್ತಿದ್ದೆ. ನರಕವೇ ಗತಿ ಅಂತ ನಂಬಿದವರನ್ನು ಇದನ್ನು ಕೇಳದೆ ಕಳಿಸಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದ್ದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಬಗೆಯವರೂ ಬರುತ್ತಾರೆ. "ನನಗೆ ಈಗ ನಂಬಿಕೆ ಇಲ್ಲ, ಮನೆಯವರಿಗೆ ಹೇಗೆ ಹೇಳಲಿ" ಅಂತ ಶಾಂತವಾಗಿ ಕೇಳುತ್ತಾರೆ. ಅವರನ್ನು ಮನೋವೈದ್ಯರ ಬಳಿ ತಳ್ಳುವುದು ತಪ್ಪು. ಅದು ಬೇರೆಯೇ ಮಾತು.

ಈಗ ಆ ಎರಡನೆಯ ವಿಷಯ. ಮೂರು ತಿಂಗಳ ಮೇಲೆ ಗೀಟುಗಳು ಕಡಿಮೆಯಾದವು. ಆಗ ಅಡಿಯಲ್ಲಿ ಇದ್ದದ್ದು ಕಾಣಿಸಿತು. ಸಿಟ್ಟು. ಅಷ್ಟು ದಿನ ಉಪವಾಸ ಮಾಡಿದೆ, ನೀನು ಕೇಳಲಿಲ್ಲ ಅನ್ನುವ ಸಿಟ್ಟು. ತಾನು ನಂಬಿಕೆ ಕಳೆದುಕೊಂಡೆ ಅಂತ ಹೆದರುವುದು ಅವರಿಗೆ ದೇವರ ಮೇಲೆ ಕೋಪ ಇದೆ ಅಂತ ಒಪ್ಪುವುದಕ್ಕಿಂತ ಸುಲಭವಾಗಿತ್ತು. ತಂದೆ ಸತ್ತ ಮೇಲೆ ಒಂದು ಸಲವೂ ಅತ್ತಿರಲಿಲ್ಲ.

88ನೇ ಕೀರ್ತನೆ ಓದಲು ಕೊಟ್ಟೆ. ಉಳಿದ ದುಃಖದ ಕೀರ್ತನೆಗಳು ಕೊನೆಯಲ್ಲಿ ಹೆಚ್ಚಾಗಿ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಮಾಸ್ತರು ಪುಟ ತಿರುಗಿಸಿ ಮುಂದೆ ಇನ್ನೇನಾದರೂ ಇದೆಯಾ ನೋಡಿದರು. ಇರಲಿಲ್ಲ.

"ಇದೂ ಪ್ರಾರ್ಥನೆ ಏನ್ರೀ?"

"ಸತ್ಯವೇದದಾಗ ಇಟ್ಟಾರಲ್ರೀ," ಅಂದೆ.

ಅವತ್ತು ಬಹಳ ಹೊತ್ತು ಅತ್ತರು. ನಾನು ವಚನ ಹೇಳಲಿಲ್ಲ. ನೀರು ಕೊಟ್ಟೆ.

ಏಳನೇ ತಿಂಗಳಿಗೆ ಭೇಟಿ ತಿಂಗಳಿಗೊಂದಕ್ಕೆ ಇಳಿಯಿತು. ಆ ಯೋಚನೆ ಪೂರ್ತಿ ಹೋಗಿಲ್ಲ. ವಾರಕ್ಕೆ ಒಂದೆರಡು ಸಲ ಬರುತ್ತದೆ. ಮಾತ್ರೆ ಮುಂದುವರಿದಿದೆ. ಈಸ್ಟರ್ ದಿನ ಬೆಳಗಿನ ಜಾವ ಸಭೆಯವರೆಲ್ಲ ಸಮಾಧಿಗಳ ಹತ್ತಿರ ಮೇಣದಬತ್ತಿ ಹಚ್ಚಿ ಹಾಡುತ್ತಾರೆ. ಹೋಗಿದ್ದಿರಾ ಅಂತ ಕೇಳಿದೆ.

"ಹೋಗಿದ್ದೆ. ಅಪ್ಪನ ಗೋರಿ ಹತ್ರ ನಿಂತಿದ್ದೆ. ಹಾಡಾಕ ಆಗಲಿಲ್ಲ, ಅಕ್ಕಾರ. ಬಾಜೂಕ ನಿಂತವರು ಹಾಡಿದ್ರು, ಕೇಳ್ಕೋತ ನಿಂತೆ."

ಆ ಮಾತು ತಲೆಗೆ ಬಂತಾ?

ಸ್ವಲ್ಪ ಯೋಚಿಸಿದರು. "ನೆನಪಿಲ್ರೀ," ಅಂದರು.