ಚೀಲ ತಡಕುವ ಮೊದಲು

ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ: ‘ಖಿನ್ನತೆ, ಆತಂಕ ಎಂದು ಹೆಸರಿಟ್ಟು ಹುಡುಗರ ಚಟವನ್ನು ನೀವು ಪತ್ರಿಕೆಯವರು ಮುದ್ದು ಮಾಡುತ್ತಿದ್ದೀರಿ. ಮೊದಲು ಚಟ ಬಿಡಿಸಿ, ಮನಸ್ಸು ತಾನಾಗಿ ಸರಿಹೋಗುತ್ತದೆ.’

ಸರ್, ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತ ಬಂದ ಅಧ್ಯಯನ 2002ರಲ್ಲೇ ತೋರಿಸಿತು: 15 ವರ್ಷಕ್ಕೇ ಗಾಂಜಾ ಸೇದತೊಡಗಿದವರಲ್ಲಿ 26ರ ಹೊತ್ತಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಭ್ರಮೆ ಕಾಡುವ ಮನೋರೋಗ) ಬಗೆಯ ಲಕ್ಷಣಗಳು ಹೆಚ್ಚು. ಒಪ್ಪಿದೆ.

ಆದರೆ ಆ ಹುಡುಗ ಗಾಂಜಾದ ಹತ್ತಿರ ಹೋದದ್ದಾದರೂ ಏಕೆ? ವ್ಯಸನಿ ಹುಡುಕುವುದು ಮೋಜಿಗಿಂತ ಹೆಚ್ಚಾಗಿ ತನ್ನ ನೋವಿಗೆ ಔಷಧಿಯನ್ನು ಎಂದು ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲೇ ವಾದಿಸಿದ್ದರು. 1998ರಲ್ಲಿ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು ಅಮೆರಿಕದಲ್ಲಿ ಸಾವಿರಾರು ವಯಸ್ಕರ ಬಾಲ್ಯವನ್ನು ಕೆದಕಿದರು. ಹೊಡೆತ, ಲೈಂಗಿಕ ದೌರ್ಜನ್ಯ, ಕುಡುಕರ ಮನೆ, ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಉಂಡವರಿಗೆ ಮದ್ಯವ್ಯಸನ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯಾ ಯತ್ನಗಳ ಅಪಾಯ 4ರಿಂದ 12 ಪಟ್ಟು. ಚಟ, ಖಿನ್ನತೆ ಎರಡೂ ಒಂದೇ ಬೇರಿನಿಂದ ಬಂದಿರುವಾಗ ‘ಮೊದಲು’ ಯಾವುದು ಹೇಳಿ?

ನನಗೆ ಪರಿಚಯದ ಹದಿನಾರರ ಹುಡುಗಿಯೊಬ್ಬಳು ಅಜ್ಜಿಯ ನಿದ್ರೆ ಮಾತ್ರೆ ಕದಿಯುತ್ತಿದ್ದಳು. ಶುರುವಿನಲ್ಲಿ ಅರ್ಧ, ಆಮೇಲೆ ಒಂದು, ಆಮೇಲೆ ಎರಡು. ಸಿಕ್ಕಿಬಿದ್ದ ದಿನ ಮನೆಯವರು ಮಾತ್ರೆಯ ಖಾಲಿ ಪಟ್ಟಿಗಳನ್ನು ಎಣಿಸಿದರು, ಶಾಲೆಯವರು ಚೀಲ ತಡಕಿದರು. ರಾತ್ರಿ ನಿನಗೆ ನಿದ್ರೆ ಯಾಕೆ ಬರುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ವ್ಯಸನಮುಕ್ತಿ ಕೇಂದ್ರದವರು ‘ಮೊದಲು ಮನೋವೈದ್ಯರಿಗೆ ತೋರಿಸಿ’ ಎಂದರು. ಮನೋವೈದ್ಯರ ಕಡೆಯವರು ‘ಮಾತ್ರೆ ಬಿಟ್ಟ ಮೇಲೆ ಬನ್ನಿ’ ಎಂದರು. ಅಂಥ ಮಾತ್ರೆಗಳನ್ನು ದಿನಾ ನುಂಗಿ ಅಭ್ಯಾಸವಾದವರು ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು ಎಂದು ಆ ತಾಯಿಗೆ ತಿಳಿಸುವವರು ಯಾರು? ಚಟ, ಮನಸ್ಸಿನ ಕಾಯಿಲೆ ಎರಡಕ್ಕೂ ಒಂದೇ ಕಡೆ, ಒಟ್ಟಿಗೆ ಚಿಕಿತ್ಸೆ ಕೊಡಬೇಕೆಂದು ತಜ್ಞರು ದಶಕಗಳಿಂದ ಹೇಳುತ್ತಿದ್ದಾರೆ. ಆದರೂ ಮಕ್ಕಳ ಅಲೆದಾಟ ನಿಂತಿಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಪ್ರತಿ ಜೂನ್ 26ಕ್ಕೆ ಮಾದಕ ವಸ್ತು ವಿರೋಧಿ ದಿನವೆಂದು ಜಾಥಾ ಹೊರಡಿಸಿ, ಪ್ರತಿಜ್ಞೆ ಮಾಡಿಸಿ, ಫೋಟೊ ತೆಗೆಸಿಕೊಂಡು, ಮರುದಿನವೇ ಸಿಗರೇಟು ಸಿಕ್ಕ ಹುಡುಗನ ಕೈಗೆ ಟೀಸಿ ಕೊಟ್ಟು ಕಳಿಸುವ ವ್ಯವಸ್ಥೆಯ ಮೇಲೆ. ಶಾಲೆಯಿಂದ ಹೊರಬಿದ್ದವನಿಗೆ ಉಳಿಯುವ ಗೆಳೆಯರು ಯಾರೆಂದು ನಿಮಗೆ ನಾನು ಹೇಳಬೇಕೆ? ಹಿಂದಿನ ಬೆಂಚಿನಲ್ಲಿ ದಿನದಿನಕ್ಕೆ ಮೌನವಾಗುತ್ತ ಹೋದ ಎಷ್ಟೋ ಮಕ್ಕಳನ್ನು ನೀವು ಕಂಡಿರುತ್ತೀರಿ. ಅವರ ಬಗ್ಗೆ ನಮಗೆ ಬರೆಯಿರಿ. ನಿಮ್ಮ ಹಿಂದೆ ಬಂದ ಎಳೆಯ ಮೇಷ್ಟರುಗಳು ಅದನ್ನು ಓದಬೇಕಿದೆ.