ಪುಲ್ಚಿನೆಲ್ಲಾನ ಕೀಚಲು ದನಿ ಬಾಯಿಂದಲೇ ಬರುತ್ತದೆ

ಇಟಲಿಯ ನೇಪಲ್ಸ್ ಬೀದಿಯಲ್ಲಿ ನೋಡಿದ ಗೊಂಬೆಯಾಟದಲ್ಲಿ ಪುಲ್ಚಿನೆಲ್ಲಾ ಎಂಬ ಗೊಂಬೆ ನಾಯಕ ಹಕ್ಕಿಯಂತೆ ಕೀಚುತ್ತಿದ್ದ, ಅದು ಮೊದಲೇ ರೆಕಾರ್ಡ್ ಮಾಡಿದ್ದಾ ಅಂತ ಕೇಳಿದ್ದೀರಿ. ಹಳೇ ಪದ್ಧತಿಯ ಆಟದಲ್ಲಿ ಅದು ರೆಕಾರ್ಡಿಂಗ್ ಅಲ್ಲ.

ಆಡಿಸುವವರ ಬಾಯೊಳಗೆ ಪಿವೆತ್ತಾ ಎಂಬ ಪುಟ್ಟ ಪೀಪಿ ಇರುತ್ತದೆ. ಅದನ್ನು ಅಂಗುಳಿಗೆ ಒತ್ತಿ ಹಿಡಿದು ಮಾತಾಡಿದರೆ ಆ ದನಿ. ಬೇರೆ ಪಾತ್ರದ ಸರದಿ ಬಂದಾಗ ನಾಲಿಗೆಯಿಂದ ಪಕ್ಕಕ್ಕೆ ಸರಿಸಿ ಮಾಮೂಲಿ ದನಿಯಲ್ಲಿ ಮಾತಾಡುತ್ತಾರೆ. ಒಬ್ಬರೇ ಎರಡೂ ಕೈಗೆ ಗೊಂಬೆ ತೊಟ್ಟು, ಜಗಳವನ್ನೂ ಆಡಿಸುತ್ತಾ ಇದನ್ನು ಮಾಡುತ್ತಾರೆ! ನನಗೆ ಈ ಕಲೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇದೇ. ಈ ಕೈಗೊಂಬೆ ಆಟಕ್ಕೆ ಅಲ್ಲಿ ಗ್ವರಾತ್ತೆಲ್ಲೆ ಅನ್ನುತ್ತಾರೆ.

ದನಿಗೂ ಹೆಸರಿಗೂ ನಂಟಿದೆ. ಇಟಾಲಿಯನ್‌ನಲ್ಲಿ ಪುಲ್ಚೀನೋ ಅಂದರೆ ಕೋಳಿಮರಿ. ಹೆಸರು ಅದರಿಂದಲೇ ಬಂತು ಅಂತ ಹೇಳುವವರು ಜಾಸ್ತಿ. ಕಪ್ಪು ಮುಖವಾಡದ ಕೊಕ್ಕಿನಂಥ ಮೂಗು ನೋಡಿದರೆ ನಿಮಗೂ ಹಾಗನಿಸುತ್ತದೆ, ಅಲ್ವಾ?

ಈತ ಗೊಂಬೆ ಮಾತ್ರವಲ್ಲ, ರಂಗದ ಮೇಲಿನ ಪಾತ್ರವೂ ಹೌದು. 17ನೇ ಶತಮಾನದ ಆರಂಭದಲ್ಲಿ ಸಿಲ್ವಿಯೋ ಫಿಯೋರಿಲ್ಲೋ ಎಂಬ ನಟ ಈ ಪಾತ್ರಕ್ಕೆ ರೂಪ ಕೊಟ್ಟರು ಎನ್ನುತ್ತಾರೆ. ಸಡಿಲವಾದ ಬಿಳಿ ಅಂಗಿ, ಉದ್ದ ಟೋಪಿ, ಯಾವಾಗಲೂ ಹಸಿವು. ಪೊಲೀಸನಿಗೂ ಹೊಡೆಯುತ್ತಾನೆ, ಕೊನೆಗೆ ಸಾವನ್ನೂ ಬಡಿದು ಓಡಿಸುತ್ತಾನೆ. ನೇಪಲ್ಸ್‌ನ ಬಡಜನ ಅವನನ್ನು ತಮ್ಮವನೆಂದೇ ಕಂಡರು.

ಇನ್ನೊಮ್ಮೆ ಹೋದರೆ ಹತ್ತಿರದ ಅಚೆರ್ರಾ ಊರಿಗೂ ಹೋಗಿ ಬನ್ನಿ. ಅವನ ಹುಟ್ಟೂರು ಅದೇ ಅನ್ನುತ್ತಾರೆ, ಅಲ್ಲಿನ ಕೋಟೆಯಲ್ಲಿ ಅವನದೇ ಮ್ಯೂಸಿಯಂ ಇದೆ.